ಮನೆಯವರಿಗೆ ಮಾತ್ರ

ಸುಳ್ಳು ವಿಡಿಯೋಗಳ ಕಾಟ ತಪ್ಪಿದ ಮೇಲೆ ಜನಕ್ಕೆ ನಿಜದ ಕಾಟ ಶುರುವಾಯಿತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಒಂದು ಕಾಲಕ್ಕೆ ಯಾರ ಮುಖವನ್ನು ಯಾರ ಮೈಗೆ ಬೇಕಾದರೂ ಅಂಟಿಸಿ, ಸತ್ತವರನ್ನೂ ಮಾತಾಡಿಸಿ, ಊರಿಗೆ ಊರೇ ಹೊಡೆದಾಡುವಂತೆ ಮಾಡುತ್ತಿದ್ದರಲ್ಲ, ಅದಕ್ಕೆ ಮದ್ದಾಗಿ ಬಂದದ್ದು ‘ಸಾಕ್ಷಿ’. ಫೋನಿನ ಕ್ಯಾಮೆರಾ ತೆರೆದ ಗಳಿಗೆಯಿಂದಲೇ ಅದು ಬೆಳಕು, ನೆರಳು, ಉಸಿರಿನ ಸದ್ದು, ಹಿಡಿದ ಕೈಯ ನಡುಕ ಎಲ್ಲವನ್ನೂ ತೂಗಿ ನೋಡುತ್ತಿತ್ತು. ನಡೆದದ್ದೇ ಆಗಿದ್ದರೆ ವಿಡಿಯೋದ ಮೂಲೆಯಲ್ಲಿ ಹಸಿರು ಮುದ್ರೆ, ಕಟ್ಟಿದ್ದಾದರೆ ಕೆಂಪು. ಕೆಂಪು ಬಿದ್ದದ್ದನ್ನು ಯಾವ ಜಾಲತಾಣವೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಎರಡೇ ವರ್ಷದಲ್ಲಿ ಸುಳ್ಳು ವಿಡಿಯೋ ಎಂಬುದು ಅಜ್ಜಂದಿರು ಹೇಳುವ ಕಥೆಯಾಯಿತು.

ಆದರೆ ಜನ ಅಷ್ಟಕ್ಕೇ ಸುಮ್ಮನಾಗಲಿಲ್ಲ. ನಡೆದದ್ದು ನಿಜ, ಸರಿ. ನಡೆದದ್ದು ಏನು ಎಂದು ಕೇಳಿದರು. ಆಗ ಮುದ್ರೆಯ ಕೆಳಗೆ ಒಂದು ಸಾಲು ಬರತೊಡಗಿತು. ‘ಇಬ್ಬರು ನೆರೆಯವರು ನೀರಿಗಾಗಿ ಜಗಳ ಆಡುತ್ತಿದ್ದಾರೆ.’ ‘ತಾಯಿ ಮಗುವಿಗೆ ದೃಷ್ಟಿ ತೆಗೆಯುತ್ತಿದ್ದಾಳೆ.’ ಹೀಗೆ ಬರೆಯಬೇಕಾದರೆ ಯಂತ್ರಕ್ಕೆ ಆಯಾ ಸೀಮೆಯ ರೂಢಿ ಗೊತ್ತಿರಬೇಕು. ಅದಕ್ಕೆಂದೇ ಸೀಮೆಗೊಂದು ಕೇಂದ್ರ ಮಾಡಿದರು. ನಮ್ಮ ಸೀಮೆಯದು ಧಾರವಾಡದ ನರೇಂದ್ರ ಕ್ರಾಸಿನ ಹತ್ತಿರ, ಬೈಪಾಸಿಗೆ ಮುಖ ಮಾಡಿದ ಹಳೆಯ ಗೋದಾಮಿನಲ್ಲಿತ್ತು.

ಅಲ್ಲಿ ರೂಢಿ ವಿಭಾಗದ ಮುಖ್ಯಸ್ಥೆ ದಾಕ್ಷಾಯಣಿ ಸಂಶಿ. ಜಾನಪದದಲ್ಲಿ ಎಂ.ಎ., ಐವತ್ತರ ಹತ್ತಿರದ ವಯಸ್ಸು. ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲವೆಂದು ಯಾರಿಗೂ ವಿವರಿಸುವ ಜಾಯಮಾನದವಳೂ ಅಲ್ಲ. ಅವಳ ಹೆಮ್ಮೆಯ ಕೆಲಸವೆಂದರೆ ಯಂತ್ರಕ್ಕೆ ಒಡಪು ಕಲಿಸಿದ್ದು. ನಮ್ಮ ಕಡೆ ಹೊಸ ಸೊಸೆ ಹೊಸ್ತಿಲು ದಾಟುವ ಮುನ್ನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳೆಂದು ಕಾಡುತ್ತಾರೆ. ಬರೀ ಹೆಸರು ಹೇಳಿದರೆ ನಡೆಯದು. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಕೂಡಿಸಿ ಹೇಳಬೇಕು. ಮೊದಮೊದಲು ‘ಸಾಕ್ಷಿ’ ಇಂಥ ವಿಡಿಯೋಗಳ ಕೆಳಗೆ ‘ಮಹಿಳೆ ಪದ್ಯ ಓದುತ್ತಿದ್ದಾಳೆ’ ಎಂದು ಬರೆಯುತ್ತಿತ್ತು. ಮದುವೆ ಮನೆಯವರು ಬಿದ್ದು ಬಿದ್ದು ನಕ್ಕರು. ದಾಕ್ಷಾಯಣಿಗೆ ಅದು ತನಗೇ ಆದ ಅವಮಾನ ಎನ್ನಿಸಿತು. ಗದಗ, ಹಾವೇರಿ, ಬೆಳಗಾವಿ ಸುತ್ತಿ ಸಾವಿರಾರು ಒಡಪಿನ ವಿಡಿಯೋ ಕೂಡಿಸಿ ಪಾಠ ಹೇಳಿದಳು: ಬಾಗಿಲು, ಸೀರೆ, ಆರತಿ ತಟ್ಟೆ, ಸುತ್ತ ಹೆಂಗಸರ ನಗು, ಹೇಳುವವಳ ನಾಚಿಕೆ, ಪ್ರಾಸದಲ್ಲಿ ಗಂಡಸಿನ ಹೆಸರು. ಇಷ್ಟಿದ್ದರೆ ಅವಳು ಹೆಂಡತಿ, ಅವನು ಗಂಡ. ಪತ್ರಿಕೆಗಳು ಅವಳ ಫೋಟೋ ಹಾಕಿ ಹೊಗಳಿದವು.

ಅವಳು ತಂದ ವಿಡಿಯೋಗಳೆಲ್ಲ ಮದುವೆ ಮನೆಯವು. ಹುಡುಗಿಯರು ಹಾಸ್ಟೆಲಿನಲ್ಲಿ ಆಟಕ್ಕೂ ಒಡಪು ಹೇಳುತ್ತಾರೆ ಎಂಬುದು, ತಾನೇ ಹಾಸ್ಟೆಲಿನಲ್ಲಿದ್ದಾಗ ಎಷ್ಟೋ ಸಲ ಹೇಳಿದ್ದರೂ, ಅವಳಿಗೆ ಹೊಳೆಯಲಿಲ್ಲ.

ಜಾಲತಾಣದವರು ಈ ಪಾಠವನ್ನು ಇನ್ನೊಂದು ಕೆಲಸಕ್ಕೆ ಹಚ್ಚಿದರು. ಪ್ರತಿಯೊಬ್ಬರ ಖಾತೆಯಲ್ಲೂ ‘ಮನೆಯವರು’ ಎಂಬ ಬಳಗ ಇತ್ತು. ಅದಕ್ಕೆ ಕೈಯಾರೆ ಹೆಸರು ಸೇರಿಸುವ ಕಾಲದಲ್ಲಿ ಭಾವ ಬಿಟ್ಟುಹೋದ, ಬೀಗರು ಬಿಟ್ಟುಹೋದರು ಎಂದು ಮನೆ ಮನೆಯಲ್ಲೂ ಮುನಿಸು. ಈಗ ‘ಸಾಕ್ಷಿ’ ಮದುವೆಯೋ ಒಡಪೋ ಕಂಡರೆ, ಆ ಹೆಸರಿನವನನ್ನು ಹೇಳಿದವಳ ಮನೆ, ತರಗತಿ, ಕಚೇರಿಯ ಒಡನಾಡಿಗಳಲ್ಲಿ ಹುಡುಕಿ ನಂಟನ್ನು ತಾನೇ ಬೆಸೆಯುತ್ತಿತ್ತು. ಒಮ್ಮೆ ಬೆಸೆದದ್ದು ಇಬ್ಬರೂ ಒಪ್ಪಿದರೆ ಮಾತ್ರ ಬಿಚ್ಚುತ್ತಿತ್ತು. ಜಗಳವಾದ ದಿನವೇ ಹೆಂಡತಿಯನ್ನು ಬಳಗದಿಂದ ಕಿತ್ತುಹಾಕಿ, ಮಕ್ಕಳ ಮುಖವೂ ಕಾಣದಂತೆ ಮಾಡುವ ಗಂಡಂದಿರು ಹೆಚ್ಚಾದಾಗ ತಂದ ನಿಯಮ ಅದು. ಒಳ್ಳೆಯ ನಿಯಮವೇ.

ದಾಕ್ಷಾಯಣಿಯ ಅಕ್ಕನ ಮಗಳು ಇಂಚರಾ ಧಾರವಾಡದಲ್ಲೇ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದಳು. ತಂದೆಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಮಗಳು ಹಾಸ್ಟೆಲಿನಲ್ಲಿ. ಕಾಲೇಜಿನಲ್ಲಿ ‘ಜಾಲ ಶಿಸ್ತು’ ಎಂಬ ವಿಷಯ ಕಡ್ಡಾಯವಾಗಿತ್ತು, ಅದರಲ್ಲಿ ಇಂಚರಾಳೇ ಮೊದಲು. ಗುರುತಿಲ್ಲದವರನ್ನು ಸೇರಿಸುತ್ತಿರಲಿಲ್ಲ. ಸಿಟ್ಟು ಬಂದಾಗ ಏನೂ ಬರೆಯುತ್ತಿರಲಿಲ್ಲ. ಫೋಟೋ, ಧ್ವನಿ, ತಾನಿರುವ ಜಾಗ ಎಲ್ಲಕ್ಕೂ ‘ಮನೆಯವರಿಗೆ ಮಾತ್ರ’ ಎಂದು ಬೀಗ ಹಾಕಿಟ್ಟಿದ್ದಳು. ಇಷ್ಟು ಜಾಗ್ರತೆಯ ಹುಡುಗಿಗೆ ಏನೂ ಆಗಬಾರದಿತ್ತು.

ಒಂದು ದಿನ ರೂಮಿನ ಗೆಳತಿಯ ಮದುವೆ ನಿಶ್ಚಯವಾಯಿತು. ಪೇಢೆ ಹಂಚಿದರು. ಮದುಮಗಳನ್ನು ಬಾಗಿಲಲ್ಲಿ ತಡೆದು ಒಡಪು ಹೇಳಿಸಿದರು. ಅಷ್ಟಕ್ಕೆ ಬಿಡದೆ, ಎಲ್ಲರೂ ಒಂದೊಂದು ಹೇಳಬೇಕೆಂದು ಹಟ ಹಿಡಿದರು. ಎರವಲು ಸೀರೆ ಉಟ್ಟಿದ್ದ ಇಂಚರಾಳ ಸರದಿ ಬಂದಾಗ ಅವಳ ಬಾಯಿಗೆ ಬಂದದ್ದು ಇದು:

“ಮೆಸ್ಸಿನ ಸಾರಿಗೆ ಉಪ್ಪಿಲ್ಲ ಖಾರಿಲ್ಲ, ಮೃತ್ಯುಂಜಯರಾಯರ ಬಿಟ್ಟರ ನನಗ ಯಾರಿಲ್ಲ!”

ಮೃತ್ಯುಂಜಯ ಅವಳ ತರಗತಿಯವನು, ನವಲಗುಂದ ಕಡೆಯವನು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಯಾವ ಹುಡುಗಿಯೂ ನೆನೆಸಲಾರದ ಹೆಸರು ಎಂದೇ ಆ ಹೆಸರಿಗೆ ಕೋಣೆಯೆಲ್ಲ ನಕ್ಕಿತು. ಮರುದಿನ ಇಂಚರಾ ತನ್ನ ಫೋನಿನಲ್ಲಿ ಹಿಡಿಸಿದ್ದ ವಿಡಿಯೋದ ಕೊನೆಯ ಅರ್ಧ ಕತ್ತರಿಸಿ, ಅದರಲ್ಲಿ ಕಾಣುವ ಪ್ರತಿಯೊಬ್ಬ ಹುಡುಗಿಯ ಒಪ್ಪಿಗೆ ಕೇಳಿ, ಹಾಸ್ಟೆಲಿನ ಗೆಳತಿಯರ ಗುಂಪಿಗೆ ಮಾತ್ರ ಕಳಿಸಿದಳು. ಅಲ್ಲಿಂದ ಯಾರೋ ಒಬ್ಬಳು ತನ್ನ ಅಣ್ಣನಿಗೆ, ಅವನು ಇನ್ನೊಬ್ಬನಿಗೆ, ಹೀಗೆ ಅದು ಊರು ಸುತ್ತಿತು. ಮೂಲೆಯಲ್ಲಿ ಹಸಿರು ಮುದ್ರೆ. ಕೆಳಗೊಂದು ಸಾಲು: ‘ಹೊಸ ಹೆಂಡತಿ ಗಂಡನ ಹೆಸರು ಹೇಳುತ್ತಿದ್ದಾಳೆ.’

ಅದೇ ಸಂಜೆ ಅವಳ ಫೋನಿಗೆ, ‘ನಿಮ್ಮ ಮನೆಯವರ ಬಳಗಕ್ಕೆ ಒಬ್ಬರು ಸೇರಿದ್ದಾರೆ, ಶುಭಾಶಯ’ ಎಂಬ ಸಂದೇಶ ಬಂತು. ಹಿಂದಿನ ವಾರವಷ್ಟೇ ದೊಡ್ಡಪ್ಪನ ಮಗನ ಮದುವೆಯಾಗಿತ್ತು, ಬೀಗರ ಕಡೆಯವರು ದಿನಕ್ಕೊಬ್ಬರು ಸೇರುತ್ತಿದ್ದರು. ಇಂಚರಾ ಓದದೆ ಸರಿಸಿದಳು.

ಆಮೇಲೆ ಒಂದು ಮಧ್ಯಾಹ್ನ ಮೃತ್ಯುಂಜಯ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ. ಎರಡು ವರ್ಷದಲ್ಲಿ ಅವನು ಅವಳೊಡನೆ ಮಾತಾಡಿದ್ದೇ ಇಲ್ಲ.

“ನಿನ್ನೆ ಕೆಲಗೇರಿ ಕೆರೀ ಕಡೆ ಹೋಗಿದ್ದಿ. ವಾಪಸ್ ಬರೂ ಮುಂದ ಲೈನ್ ಬಜಾರದಾಗ ಇಳದಿ,” ಎಂದ.

“ನಿನಗ ಹೆಂಗ ಗೊತ್ತ?”

ಅವನು ಫೋನ್ ತಿರುಗಿಸಿ ಹಿಡಿದ. ನಕ್ಷೆಯ ಮೇಲೆ ಅವಳ ಪುಟ್ಟ ಮುಖ, ಗ್ರಂಥಾಲಯದ ಮೆಟ್ಟಿಲ ಜಾಗದಲ್ಲೇ ಮಿನುಗುತ್ತಿತ್ತು. ಪಕ್ಕದಲ್ಲಿ ‘ಪತ್ನಿ’ ಎಂದಿತ್ತು. ಇಂಚರಾ ತನ್ನ ಫೋನ್ ತೆರೆದಳು. ಅಪ್ಪ, ಅವ್ವ, ಚಿಗವ್ವ, ಅವರ ಕೆಳಗೆ ‘ಮೃತ್ಯುಂಜಯ ಹೆಬ್ಬಳ್ಳಿ, ಪತಿ’.

“ತಗಿ ಅದನ್ನ.”

“ನಾ ಹಾಕಿಲ್ಲ. ಎಲ್ಲಾರ ಮುಂದ ಹೆಸರು ಹೇಳಿದಾಕಿ ನೀನ.”

“ಅದು ಚ್ಯಾಷ್ಟಿ ಇತ್ತು!”

“ಗೊತ್ತೈತಿ,” ಎಂದ ಅವನು, ಅವಳ ಮುಖ ನೋಡದೆ.

“ಗೊತ್ತಿದ್ದರ ಒಪ್ಪಿಗಿ ಕೊಡು. ನಾ ಈಗ ಒತ್ತತೀನಿ, ನೀನೂ ಒತ್ತು.”

“ನೋಡೂಣು,” ಎಂದು ಅವನು ಇಳಿದು ಹೋದ.

ಅವನು ಒತ್ತಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಜಾಗ ತೋರಿಸುವುದನ್ನು ನಿಲ್ಲಿಸೋಣವೆಂದರೆ, ಹಾಸ್ಟೆಲಿನ ಹುಡುಗಿ ಇರುವ ಜಾಗ ಮನೆಯವರಿಗೆ ಕಾಣಲೇಬೇಕೆಂಬ ನಿಯಮ. ಫೋನನ್ನೇ ಬಿಟ್ಟಿರೋಣವೆಂದರೆ ಹಾಜರಿ, ಗೇಟು, ಪರೀಕ್ಷೆಯ ಚೀಟಿ ಎಲ್ಲ ಅದರಲ್ಲೇ. ಇಂಚರಾ ಬಚ್ಚಲಿಗೆ ಹೋಗುವಾಗಲೂ ಫೋನನ್ನು ಟವೆಲ್ಲಿನಲ್ಲಿ ಸುತ್ತಿಡುವಂತಾದಳು. ಅವನು ಏನೂ ಮಾಡಲಿಲ್ಲ, ಒಂದು ಕೆಟ್ಟ ಮಾತು ಬರೆಯಲಿಲ್ಲ. ನೋಡುತ್ತಿದ್ದ, ಅಷ್ಟೇ. ಆ ‘ಅಷ್ಟೇ’ಯನ್ನು ಯಾರಿಗೆ ಹೇಳಿ ತಿಳಿಸುವುದು?

ಅಪ್ಪನಿಗೂ ಯಾರೋ ಅಂಗಡಿಗೇ ಬಂದು ವಿಡಿಯೋ ತೋರಿಸಿದ್ದರು. ಅವನು ಫೋನಿನಲ್ಲಿ ಬೈಯಲಿಲ್ಲ. “ನೀ ಸುಳ್ಳು ಹೇಳಾಕಿ ಅಲ್ಲ, ನನಗ ಗೊತ್ತೈತಿ. ಆದರ ಹಸಿರು ಮುದ್ರಿ ಬಿದ್ದೈತಿ, ಅಂವನ ಹೆಸರು ನಮ್ಮ ಬಳಗದಾಗ ಐತಿ. ಮಂದೀಗೆ ಏನಂತ ಹೇಳ್ಲಿ? ಶನಿವಾರ ಬರ್ತೀನಿ, ಸಾಮಾನು ಕಟ್ಟಿ ಇಡು. ಆ ಹೆಸರು ಹೋದ ಮ್ಯಾಲೆ ಕಾಲೇಜಿನ ಮಾತು,” ಎಂದ.

ಇಂಚರಾ ನೇರ ಮಾಳಮಡ್ಡಿಯ ಚಿಗವ್ವನ ಮನೆಗೆ ಬಂದಳು. ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದಳು.

“ಚಿಗವ್ವ, ಒಡಪಿನ ಪಾಠ ಹೇಳಿದಾಕಿ ನೀನ ಅಲ್ಲೇನ?”

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ದಾಕ್ಷಾಯಣಿ ಅದನ್ನು ತೆಗೆಯಲಿಲ್ಲ. ತಾನು ಊರೂರು ಸುತ್ತಿ ಕಟ್ಟಿದ್ದು ಈ ಕೂಸಿನ ಕೊರಳಿಗೇ ಬಂದು ಬಿದ್ದಿತ್ತು. ಒಲೆ ಆರಿಸಿ ಕೈ ತೊಳೆದುಕೊಂಡಳು.

“ಪೂರಾ ವಿಡಿಯೋ ಐತೇನ? ಕತ್ತರಿಸಲಾರದ್ದು?”

ಇಂಚರಾ ತೋರಿಸಿದಳು. ಒಡಪು ಮುಗಿದ ಮೇಲಿನ ಅರ್ಧದಲ್ಲಿ ನಿಖಿತಾ ಎಂಬ ಹುಡುಗಿ ಕಂಕುಳಲ್ಲಿ ಚೀಲ ಇರುಕಿಕೊಂಡು, ಒಂದು ಭುಜ ಎತ್ತಿ, ಗೋಡೆಗೆ ಮೈ ಸವರಿಕೊಂಡು ಮೃತ್ಯುಂಜಯನ ಹಾಗೆ ನಡೆದು ತೋರಿಸುತ್ತಿದ್ದಳು. “ಇಂಥಾ ಗಂಡನ್ನ ಕಟಗೊಂಡು ಎಲ್ಲಿಗೆ ಹೋಗ್ತಿಯವ್ವಾ, ಗ್ವಾಡಿ ಹಿಡದು?” ಎಂದು ಇನ್ನೊಬ್ಬಳು. ಇಂಚರಾ ಹೊಟ್ಟೆ ಹಿಡಿದುಕೊಂಡು ನಗುತ್ತ ಮಂಚದ ಮೇಲೆ ಬಿದ್ದಿದ್ದಳು.

“ಇದನ್ನ ಕೊಟ್ಟರ ಮುಗೀತು,” ಎಂದಳು ದಾಕ್ಷಾಯಣಿ. “ಚ್ಯಾಷ್ಟಿ ಅಂತ ಸಣ್ಣ ಹುಡುಗರಿಗೂ ತಿಳೀತೈತಿ.”

“ಕೊಟ್ಟರ ಅದು ಎಲ್ಲಿಗೆ ಹೋಗತೈತಿ?”

ದಾಕ್ಷಾಯಣಿ ಇದ್ದದ್ದನ್ನೇ ಹೇಳಿದಳು. ಪುರಾವೆ ಕೊಟ್ಟರೆ ಮೊದಲು ಎದುರಿನವನಿಗೆ ತೋರಿಸುತ್ತಾರೆ. ಆಮೇಲೆ ಮೂಲ ವಿಡಿಯೋ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಅದರ ಬೆನ್ನಿಗೆ ಅಂಟಿಸಿ ಕಳಿಸುತ್ತಾರೆ.

“ಕಾಲೇಜೆಲ್ಲಾ ನೋಡತೈತಿ ಚಿಗವ್ವ. ಅಂವಾ ನೋಡ್ತಾನ. ಒಲ್ಲೆ.”

“ನಿನ್ನ ಆಲ್ಬಮ್ಮಿನಾಗೂ ಇಟ್ಟಿದ್ದೇನ ಇದನ್ನ? ಮನೆಯವರಿಗೆಲ್ಲಾ ಕಾಣತೈತಿ, ಅಂವಾ ನೋಡಿರಬೇಕಲ್ಲ?”

“ಅವ್ವಗ ಸೀರಿ ತೋರಸಾಕ ಇಟ್ಟಿದ್ದೆ. ಗೊತ್ತಾದ ಕೂಡಲೇ ತಗದೀನಿ. ನೋಡಿಲ್ಲ ಅನಸತೈತಿ,” ಎಂದಳು ಇಂಚರಾ. ಹೇಳುವಾಗ ಅವಳ ಕಣ್ಣು ನೆಲದ ಮೇಲಿತ್ತು.

ಮರುದಿನ ದಾಕ್ಷಾಯಣಿ ಕೇಂದ್ರದ ನಿರ್ದೇಶಕ ಶ್ರೀಪಾದ ಇನಾಮದಾರರ ಮುಂದೆ ನಿಂತಳು. ಅವರ ಕೋಣೆಯ ಗಾಜಿನಾಚೆ ನಿಯಂತ್ರಣ ಕೊಠಡಿ. ಗೋಡೆಯ ತುಂಬ ಸೀಮೆಯ ವಿಡಿಯೋಗಳು ಸಣ್ಣ ಸಣ್ಣ ಚೌಕಗಳಲ್ಲಿ ಹರಿಯುತ್ತಿದ್ದವು. ಒಂದೊಂದಕ್ಕೂ ಹಸಿರೋ ಕೆಂಪೋ ಬಿದ್ದು ಸರಿದುಹೋಗುತ್ತಿತ್ತು. ಇನಾಮದಾರರು ಕೆಟ್ಟ ಮನುಷ್ಯರಲ್ಲ, ಕಾಯದೆ ಬಿಟ್ಟು ಕದಲದವರು.

“ದಾಕ್ಷಾಯಣಿಯವರ, ನಿಯಮ ನಿಮಗೂ ಗೊತ್ತದ. ಇಬ್ಬರೂ ಒಪ್ಪಬೇಕು. ಈ ನಿಯಮ ತಂದದ್ದ ಹೆಣ್ಮಕ್ಕಳ ಸಲುವಾಗಿ.”

“ಹುಡುಗಿ ಎಲ್ಲಿ ಹೋಗ್ತಾಳ, ಎಲ್ಲಿ ಕುಂದರತಾಳ ಅಂತ ಬ್ಯಾರೆಯಂವಾ ಕುಂತು ನೋಡಾಕತ್ತಾನ್ರಿ ಸಾಹೇಬ್ರ.”

“ಒಡಪಿನ ಪಾಠ ತಿದ್ದಬೇಕಂದ್ರ ಸಮಿತಿ ಕೂಡಬೇಕು. ದೀಪಾವಳಿ ಆಗ್ತದ ನೋಡ್ರಿ.”

“ನಾಡದು ಶನಿವಾರ ಅಕಿನ್ನ ಕಾಲೇಜ್ ಬಿಡಿಸಿ ಕರಕೊಂಡು ಹೋಗ್ತಾರ.”

ಇನಾಮದಾರರು ಕನ್ನಡಕ ತೆಗೆದು ಒರೆಸಿದರು. “ಹೆಸರು ಹೇಳಿದಾಕಿ ಹುಡುಗೀನ ಅಲ್ಲೇನ್ರಿ? ಈಗಿನ ಹುಡುಗರಿಗೆ ಸ್ವಲ್ಪ ಜವಾಬ್ದಾರಿ ಬೇಕು. ಇರಲಿ, ಅರ್ಜಿ ಕೊಟ್ಟಿಡ್ರಿ.”

ದಾಕ್ಷಾಯಣಿಗೆ ಮೈಯೆಲ್ಲ ಉರಿದುಹೋಯಿತು. ಅರ್ಜಿ ಕೊಡಲಿಲ್ಲ. ಮನೆಗೆ ಬಂದು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು.

ಶುಕ್ರವಾರ ಬೆಳಿಗ್ಗೆ ಅವಳು ಆ ಸೀರೆ ಉಟ್ಟು ಕೇಂದ್ರಕ್ಕೆ ಬಂದಾಗ ವಿಭಾಗದ ಹುಡುಗಿಯರು ಕಣ್ಣರಳಿಸಿದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಆರತಿ ತಟ್ಟೆ. ಹೊಸ ಪಾಠಕ್ಕೆ ಮಾದರಿ ಬೇಕು, ವಿಡಿಯೋ ಹಿಡೀರಿ ಎಂದಳು. ನಿರ್ದೇಶಕರ ಕೋಣೆಯ ಬಾಗಿಲಲ್ಲಿ ನಿಂತಳು. ಹುಡುಗಿಯರು ಅಡ್ಡ ನಿಂತು, “ಹೆಸರು ಹೇಳಬೇಕ್ರಿ ಮೇಡಮ್!” ಎಂದು ನಿಜವಾಗಿ ಉತ್ಸಾಹದಿಂದ ಕಾಡಿದರು. ದಾಕ್ಷಾಯಣಿಯ ಮುಖ ಕೆಂಪಾಯಿತು. ಅದು ನಾಚಿಕೆಯಲ್ಲ, ಆದರೆ ಯಂತ್ರಕ್ಕೆ ಅಷ್ಟು ಸಾಕು.

“ಬೈಪಾಸಿನ ಮಗ್ಗಲಕ ಸಾಲಾಗಿ ನಿಂತಾವ ಲಾರಿ, ಶ್ರೀಪಾದರಾಯರ ಬಿಟ್ಟರ ನನಗಿಲ್ಲ ಬ್ಯಾರೆ ದಾರಿ!”

ಗೊಳ್ಳೆಂದು ನಗು ಎದ್ದಿತು. ದಾಕ್ಷಾಯಣಿ ಅದನ್ನು ತನ್ನ ಖಾತೆಯಿಂದ ಏರಿಸಿದಳು. ಗೋಡೆಯ ಮೇಲಿನ ಒಂದು ಚೌಕದಲ್ಲಿ ಅವಳದೇ ಮುಖ ಮೂಡಿತು, ಹಸಿರು ಬಿತ್ತು. ಇನಾಮದಾರರಿಗೆ ಆಗಲೇ ಹೆಂಡತಿ ಇರುವುದು ಯಂತ್ರಕ್ಕೆ ಅಡ್ಡಿಯಾಗಲಿಲ್ಲ. ನಮ್ಮ ಸೀಮೆಯ ವಿಡಿಯೋಗಳಲ್ಲಿ ಇಬ್ಬರು ಹೆಂಡಿರ ಮನೆಗಳೂ ಇದ್ದವು, ಅದಕ್ಕೆ ಅದೂ ರೂಢಿಯೇ.

ಅವಳ ಫೋನ್ ಒಮ್ಮೆ ನಡುಗಿತು. ಶುಭಾಶಯ. ಬೆರಳು ತಾನಾಗಿ ಅದನ್ನು ಒತ್ತಿತು. ಇನಾಮದಾರರ ಮನೆಯವರ ಬಳಗ ಕಣ್ಣೆದುರು ತೆರೆದುಕೊಂಡಿತು.

ಮೊದಲ ಫೋಟೋದಲ್ಲಿ ಒಬ್ಬ ಹೆಂಗಸು ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದಳು. ತಲೆಯಲ್ಲಿ ಒಂದೂ ಕೂದಲಿರಲಿಲ್ಲ. ಇನಾಮದಾರರು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು, ಅವರ ಗಲ್ಲಕ್ಕೆ ಗಂಜಿ ಮೆತ್ತಿ ಇಬ್ಬರೂ ನಗುತ್ತಿದ್ದರು. ಕೇಂದ್ರದಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ಸಾಹೇಬರು ಈಚೆಗೆ ಯಾಕೆ ಬೇಗ ಮನೆಗೆ ಹೋಗುತ್ತಾರೆಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ದಾಕ್ಷಾಯಣಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಆದರೆ ನೋಡಿಯಾಗಿತ್ತು. ಅದರ ಮೇಲೆ ಯಾವ ಬೀಗವನ್ನೂ ಇನ್ನು ಹಾಕುವಂತಿರಲಿಲ್ಲ. ಆ ಗಳಿಗೆಯಲ್ಲೇ ಒಪ್ಪಿಗೆ ಕೊಟ್ಟು, ಕ್ಷಮೆ ಕೇಳಿ, ಓಡಿಹೋಗಬೇಕೆನ್ನಿಸಿತು. ಅಕ್ಕನ ಮಗಳ ಮುಖ ನೆನಪಾಗಿ ಹಲ್ಲು ಕಚ್ಚಿ ನಿಂತಳು.

ಇನಾಮದಾರರು ಹೊರಗೆ ಬಂದರು. ಹುಡುಗಿಯರ ನಗು ನಿಂತಿತು.

“ಏನ್ ಮಾಡೀರಿ ಇದು? ನನ್ನ ಹೆಂಡತಿ ಫೋನ್ ಮಾಡ್ಯಾಳ. ದವಾಖಾನ್ಯಾಗಿಂದ. ಯಾರಿವರು ಅಂತ ಕೇಳ್ತಾಳ. ಈಗಿಂದೀಗ ಒಪ್ಪಿಗೆ ಕೊಡ್ರಿ.”

“ಒಲ್ಲೆ ರೀ.”

“ತಮಾಷೆ ಅಲ್ಲ ಇದು!”

“ಹೌದ್ರಿ. ನಿನ್ನೆ ನಾನೂ ಅದನ್ನ ಹೇಳಿದ್ದು. ಬರೇ ಒಡಪಿನಿಂದ ಬೆಸೆದ ನಂಟು ಒಬ್ಬರು ಒಲ್ಲೆ ಅಂದ್ರ ಬಿಚ್ಚಬೇಕು ಅಂತ ಮಾಡ್ರಿ. ಆವಾಗ ನನ್ನ ಒಪ್ಪಿಗಿ ನಿಮಗ ಬೇಕಾಗೂದಿಲ್ಲ.”

ಇನಾಮದಾರರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ತಗ್ಗಿದ ದನಿಯಲ್ಲಿ, “ಫೋಟೋ ನೋಡಿದ್ರೇನು?” ಎಂದರು.

ಇಲ್ಲ ಎನ್ನಬಹುದಿತ್ತು. “ನೋಡಿದೆ ರೀ. ತಪ್ಪಾತು,” ಎಂದಳು ದಾಕ್ಷಾಯಣಿ.

“ಯಾರೂ ನೋಡಬಾರದು ಅಂದಿದ್ದಳು ಅಕಿ. ಮಕ್ಕಳ ಬಿಟ್ಟು ಯಾರೂ.” ಅವರು ಒಳಗೆ ಹೋದರು.

ಗಾಜಿನಾಚೆಗೆ ಅವರು ಒಂದಾದ ಮೇಲೊಂದು ಫೋನ್ ಮಾಡುವುದು ಕಾಣುತ್ತಿತ್ತು. ದೀಪಾವಳಿಗೆ ಕೂಡಬೇಕಾಗಿದ್ದ ಸಮಿತಿ ಮಧ್ಯಾಹ್ನದ ಊಟಕ್ಕೆ ಮೊದಲೇ ಪರದೆಯ ಮೇಲೆ ಕೂಡಿತು. ಮದುವೆಯಿಂದ ಬಂದ ನಂಟಿಗೆ ಹಳೆಯ ನಿಯಮವೇ ಉಳಿಯಲಿ, ಬರೀ ಒಡಪಿನ ನಂಟಿಗೆ ಒಬ್ಬರ ನಿರಾಕರಣೆ ಸಾಕು ಎಂದು ಠರಾವಾಯಿತು. ಇನಾಮದಾರರು ಮೊದಲು ತಮ್ಮ ಗುಂಡಿ ಒತ್ತಿದರು. ಆಮೇಲೆ ಹೊರಬಂದು, ದಾಕ್ಷಾಯಣಿಯ ಮುಖ ನೋಡದೆ, “ನಾಳೆಯಿಂದ ಬರಬ್ಯಾಡ್ರಿ,” ಎಂದರು. ಅವಳು ಊಟದ ಡಬ್ಬಿ ಎತ್ತಿಕೊಂಡು ನಡೆದಳು. ಹದಿನೆಂಟು ವರ್ಷದ ಕೆಲಸ ಹೋದದ್ದಕ್ಕಿಂತ ಆ ಫೋಟೋ ಅವಳನ್ನು ಹೆಚ್ಚು ಕಾಡಿತು.

ಇಂಚರಾ ‘ಒಲ್ಲೆ’ ಒತ್ತಿದಳು. ಹೆಸರು ಅಳಿಸಿಹೋಯಿತು. ಶನಿವಾರ ಅಪ್ಪ ಬಂದ. ಬಳಗವನ್ನು ಎರಡೆರಡು ಸಲ ತೆರೆದು ನೋಡಿದ. ನಾದಿನಿಯ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡು, ಮಗಳ ತಲೆಯ ಮೇಲೆ ಕೈಯಿಟ್ಟು, “ಓದು,” ಎಂದು ಹೇಳಿ ಬಸ್ ಹತ್ತಿದ. ವಿಡಿಯೋ ಇನ್ನೂ ಊರು ಸುತ್ತುತ್ತಲೇ ಇತ್ತು. ನಂಟು ಬಿಚ್ಚಿದ್ದರಿಂದ ಕೆಳಗಿನ ಸಾಲು ಮಾತ್ರ ‘ಯುವತಿ ಒಡಪು ಹೇಳುತ್ತಿದ್ದಾಳೆ’ ಎಂದು ಬದಲಾಗಿತ್ತು. ಹಳೆಯ ಸಾಲನ್ನು ಓದಿದವರು ಮತ್ತೆ ಬಂದು ಹೊಸದನ್ನು ಓದುತ್ತಾರೆಯೇ?

ಸೋಮವಾರ ಮೊದಲ ತರಗತಿ ಮುಗಿದ ಮೇಲೆ ಇಂಚರಾ ತಾನಾಗಿಯೇ ಮೃತ್ಯುಂಜಯನನ್ನು ತಡೆದು ನಿಲ್ಲಿಸಿದಳು. ಪ್ರಯೋಗಶಾಲೆಯ ಹಿಂದಿನ ಹಾದಿ, ಆಚೀಚೆ ಹುಡುಗರು ಓಡಾಡುತ್ತಿದ್ದರು. ಅವಳಿಗೆ ಹೆದರಿಕೆ ಹೋಗಿ ಸಿಟ್ಟು ಉಳಿದಿತ್ತು.

“ಮುಗೀತು. ನಿನ್ನ ಒಪ್ಪಿಗಿ ಬೇಕಾಗಲಿಲ್ಲ.”

“ಗೊತ್ತೈತಿ. ನನಗೂ ಬಂತು.”

“ನೀ ದಿನಾ ನನ್ನ ನೋಡ್ಕೋತ ಕುಂತಿ. ನನಗ ಎಷ್ಟ ಅಂಜಿಕಿ ಆತು ಗೊತ್ತೈತೇನ?”

“ತಪ್ಪು ಮಾಡೀನಿ,” ಎಂದ ಅವನು. ವಾದ ಮಾಡಲಿಲ್ಲ.

“ಮತ್ತ ಯಾಕ ಒತ್ತಲಿಲ್ಲ?”

ಅವನು ಚೀಲದ ಪಟ್ಟಿಯನ್ನು ಎಳೆದು ಬಿಡುತ್ತ ನಿಂತ. “ಮೊದಲನೇ ದಿನಾನ ಒತ್ತಾಂವಿದ್ದೆ. ಖರೇ ಹೇಳಬೇಕಂದ್ರ, ಅವತ್ತ ನನಗ ಖುಷಿ ಆಗಿತ್ತು. ಚ್ಯಾಷ್ಟಿ ಅಂತ ಗೊತ್ತಿತ್ತು. ಆದರೂ ಇಷ್ಟ ಮಂದಿ ಹುಡುಗರೊಳಗ ನನ್ನ ಹೆಸರ ಯಾಕ ಬಂತು ಅಂತ ಅನಿಸ್ತು. ಅದನ್ನ ತಿಳಕೊಳ್ಳಾಕ ನಿನ್ನ ಆಲ್ಬಂ ತಗದೆ.”

ಇಂಚರಾಳ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. “ಎಷ್ಟು ನೋಡಿದಿ?”

“ಪೂರಾ. ಅದನ್ನ ನೋಡಿದ ಮ್ಯಾಲೆ ಒತ್ತಾಕ ಮನಸ್ಸಾಗಲಿಲ್ಲ.”

ವಿಡಿಯೋದೊಳಗಿನ ಹುಡುಗಿಯರೆಲ್ಲರ ಒಪ್ಪಿಗೆಯನ್ನು ತಾನು ಕೇಳಿದ್ದು ಅವಳಿಗೆ ನೆನಪಾಯಿತು. ಅದರಲ್ಲಿದ್ದ ಹೆಸರು ಯಾರದೋ ಅವನ ಒಪ್ಪಿಗೆಯನ್ನು ಮಾತ್ರ ಕೇಳಿರಲಿಲ್ಲ. “ತಪ್ಪಾತು,” ಎಂದಳು. ಅವನಿಗೆ ಅದು ಕೇಳಿದಂತೆ ಕಾಣಲಿಲ್ಲ.

“ಒಂದು ಕೇಳಲೇನ?” ಎಂದ. “ನಾ ಖರೇನ ಹಂಗ ನಡೀತೀನೇನ?”

“ಇಲ್ಲ,” ಎಂದಳು ಇಂಚರಾ. ತೀರ ಬೇಗ ಹೇಳಿದಳು.

ಅವನು ತಲೆಯಾಡಿಸಿದ. ಚೀಲವನ್ನು ಎರಡೂ ಹೆಗಲಿಗೆ ಹಾಕಿಕೊಂಡ. ಗೋಡೆಯ ಪಕ್ಕದಿಂದ ಹಾದಿಯ ನಟ್ಟನಡುವಿಗೆ ಬಂದು, ಎರಡೂ ಭುಜ ಸಮ ಹಿಡಿದು, ಆಗತಾನೇ ನಡೆಯಲು ಕಲಿತ ಕೂಸಿನ ಹಾಗೆ ಒಂದೊಂದೇ ಹೆಜ್ಜೆ ನೋಡಿ ನೋಡಿ ಇಟ್ಟು ಹೊರಟ. ಹಿಂದಿನಿಂದ ಬಂದ ಹುಡುಗರು ಅವನಿಗೆ ತಾಗಿ, ಬೈದು, ಸುತ್ತು ಹಾಕಿ ಮುಂದೆ ಹೋದರು. ಅವನು ಅಂಚಿಗೆ ಸರಿಯಲಿಲ್ಲ. ಕೂಗಿ ನಿಲ್ಲಿಸಬೇಕೆಂದು ಇಂಚರಾ ಬಾಯಿ ತೆರೆದಳು. ಹೆಸರು ಬಾಯಿಗೆ ಬರಲಿಲ್ಲ.